ಯಾರ ಮನೆಯ ಬಟ್ಟೆ

ತರೀಕೆರೆಯ ಈ ಮೂವತ್ತು ನಲವತ್ತರ ಸೈಟಿನಲ್ಲಿ
ಮನೆ ಮುಗಿದು ಉಳಿದದ್ದು ಹಿಂದೆ ಒಂದು ತುಂಡು ನೆಲ.
ಅವರೆ ಚಪ್ಪರ ಹಾಕೋಣ, ಪಕ್ಕದಲ್ಲಿ ಕಾಕಡ ಇರಲಿ
ಎಂದು ಭಾನುವಾರ ಕುಡುಗೋಲು ಹಿಡಿದೆ.
ಲಂಟಾನ ಬಂತು, ಪಾರ್ಥೇನಿಯಂ ಬಂತು ಬೇರು ಸಮೇತ,
ಮೂಲೆಯ ಅಗಲ ಎಲೆಯ ಗಿಡವೊಂದು ಮಾತ್ರ
ಬರಲ್ಲ ಅಂತು.
ಬಗ್ಗಿಸಿ, ಮುರಿದು, ಅಂತೂ ಕಡಿದು
ಮುಖದ ಬೆವರನ್ನು ಅದೇ ಕೈಯಲ್ಲಿ ಒರೆಸಿಕೊಂಡೆ.

ಸೋಮವಾರ ಏನಿಲ್ಲ.
ಮಂಗಳವಾರ ಬ್ಯಾಂಕಿನ ಕೌಂಟರಿನಲ್ಲಿ
ನೋಟು ಎಣಿಸುತ್ತಿದ್ದಾಗ
ಮಣಿಕಟ್ಟಿನ ಮೇಲೆ ಇರುವೆ ಹರಿದ ಹಾಗೆ.
ನೋಡಿದರೆ ಇರುವೆ ಇಲ್ಲ.
ಸಂಜೆಗೆ ಮೊಳಕೈವರೆಗೆ ಕೆಂಪು ಬರೆ,
ಬರೆಯ ಗುಂಟ ನೀರು ತುಂಬಿದ ಸಾಸಿವೆ ಕಾಳು,
ಎಡಗಣ್ಣು ಊದಿ ಮುಚ್ಚಿಹೋಗಿ
ಮಗಳು ಊಟಕ್ಕೆ ಎದುರು ಕೂರಲಿಲ್ಲ.

ಎದುರು ಮನೆಯ ಓಂಕಾರಮ್ಮ: ಸರ್ಪಸುತ್ತು,
ತಲೆ ಬಾಲ ಕೂಡೋ ಮುಂಚೆ ಕೆಮ್ಮಣ್ಣಲ್ಲಿ ಬರೆಸಿಬಿಡು.
ನನ್ನ ಗಂಡ: ಬದನೆಕಾಯಿ ತಿಂದೆಯಲ್ಲ.
ಮೆಡಿಕಲ್ ಶಾಪಿನ ಹುಡುಗ, ತಲೆ ಎತ್ತದೆ: ಅಲರ್ಜಿ.
ಮಾತ್ರೆ ರಾತ್ರಿ, ಗುಲಾಬಿ ಲೋಷನ್ ಮೂರು ಹೊತ್ತು,
ಕೆರೀಬೇಡಿ.

ಕೆರೀಬೇಡಿ!
ಹಸಿದವರಿಗೆ ಅನ್ನದ ವಾಸನೆ ತೋರಿಸಿ
ಉಣ್ಣಬೇಡಿ ಅಂದ ಹಾಗೆ.
ಶಿವಮೊಗ್ಗದ ರೈಲು ಕೂಗಿ ಹೋದ ಮೇಲೂ ಎದ್ದಿರುತ್ತೇನೆ,
ಮಗಳ ಸ್ಕೂಲಿನ ಬಿಳಿ ಸಾಕ್ಸು ಎರಡೂ ಕೈಗೆ ಹಾಕಿ,
ಒದ್ದೆ ಪಂಚೆ ತೋಳಿಗೆ ಸುತ್ತಿ,
ಒಂದರಿಂದ ನೂರು, ನೂರರಿಂದ ಒಂದು.
ತುರಿಕೆಗೆ ಲೆಕ್ಕ ಬರುವುದಿಲ್ಲ.
ಒಂದು ಸಲ, ಒಂದೇ ಸಲ ಅಂತ ಗೋಡೆಗೆ ಉಜ್ಜುತ್ತೇನೆ.
ಅಯ್ಯೋ ಆ ಸುಖ! ಅದರ ಬಡ್ಡಿ
ಬೆಳಗಿನವರೆಗೂ ಕಟ್ಟಬೇಕು.

ಐದನೆಯ ದಿನ, ಹಾಲಿನ ಲೆಕ್ಕಕ್ಕೆ ಬಂದ ಮರುಳಪ್ಪಜ್ಜ
ಕೈ ನೋಡಲಿಲ್ಲ, ಹಿತ್ತಿಲು ನೋಡಿದ.
“ಗೇರು ಕಡಿದಿದೀಯ ತಾಯಿ.
ಗೋಡಂಬಿ ಗೇರಲ್ಲ, ಅಗಸರ ಗೇರು.
ಬಟ್ಟೆಗೆ ಗುರುತು ಹಾಕ್ತಿದ್ರಲ್ಲ, ಅದು.
ಸಾವಕಾಶ ಹೋಗತ್ತೆ ಬಿಡು.”

ಅಗಸರ ಗೇರು.
ಲೋಷನ್ ಒಣಗಿ ಬಿರಿದ ಮುಖದಲ್ಲಿ
ಹೌದಾ ಅಂದೆ,
ಮೊದಲ ಸಲ ಕೇಳುವವಳ ಹಾಗೆ.

ಸಣ್ಣನಿಂಗಿ, ನನ್ನ ಅಜ್ಜಿ,
ಸೂಜಿಯಲ್ಲಿ ಕಾಯಿ ಚುಚ್ಚಿ
ಸೆರಗಿನ ಮೂಲೆಗೆ ಚುಕ್ಕೆ ಇಟ್ಟು
ಮೇಲೆ ಸುಣ್ಣ ಸವರುತ್ತಿದ್ದಳು.
ಪಟೇಲರದು ಮೂರು ಚುಕ್ಕೆ,
ಶಾನುಭೋಗರದು ಒಂದು ಗೀಟು ಎರಡು ಚುಕ್ಕೆ,
ಮಂಡಿ ಸಾಹೇಬರಿಗೆ ಕತ್ತರಿ.
ಓದು ಬಾರದವಳು ಇಡೀ ಊರನ್ನು
ಬಟ್ಟೆಯ ಅಂಚಿನಲ್ಲಿ ಬರೆದಿಟ್ಟಿದ್ದಳು.
ನಮ್ಮದಕ್ಕೆ? ಕೇಳಿದ್ದೆ.
“ನಮ್ದಕ್ಕೆ ಯಾಕೆ? ಗುರುತಿಲ್ಲದ್ದೇ ನಮ್ದು.”

ಅವಳ ಬೆರಳ ತುದಿ ಸುಟ್ಟ ಕರಟ.
ಅವಳಿಗೆ ಉರಿಯೋದಿಲ್ಲ, ಅಂಥ ಚರ್ಮ ಅವಳದು
ಅಂತ ನಾವೆಲ್ಲ ನಂಬಿದ್ದೆವು.
ಎಷ್ಟು ಅನುಕೂಲದ ನಂಬಿಕೆ.
ಈಗ ನೆನಪಾಗುತ್ತಿದೆ, ಕಾಯಿ ಮುಟ್ಟುವ ಮೊದಲು
ಕೈತುಂಬ ಹುಚ್ಚೆಳ್ಳೆಣ್ಣೆ ಹಚ್ಚುತ್ತಿದ್ದದ್ದು,
ಸಂಜೆ ಕತ್ತೆ ಕಟ್ಟುವ ನೆಪದಲ್ಲಿ
ಹಿಂದಿನ ಕಲ್ಲುಗೋಡೆಗೆ ಒರಗಿ
ಕೈ ಉಜ್ಜುತ್ತಿದ್ದದ್ದು.

ದೀಪದ ಕೆಳಗೆ ತೋಳು ಹಿಡಿಯುತ್ತೇನೆ:
ಮೂರು ಗುಳ್ಳೆ, ಒಂದು ಗೀಟು, ಮತ್ತೆ ಎರಡು.
ಯಾರ ಮನೆಯದು ಇದು?
ಇಸ್ತ್ರಿ ಮುರಿಯದ ಸೀರೆಯಲ್ಲಿ ಇಪ್ಪತ್ತು ವರ್ಷ
ಯಾರೂ ಕೇಳದ ಹಾಗೆ ಕೂತವಳು ನಾನು.

ಹನ್ನೊಂದನೆಯ ದಿನಕ್ಕೆ ಹಕ್ಕಳೆ ಉದುರಿತು.
ಸಾಕ್ಸನ್ನು ಮಗಳು ವಾಪಸು ಮುಟ್ಟಲಿಲ್ಲ.
ಕಡಿದ ಬುಡದಲ್ಲಿ ಆಗಲೇ ಚಿಗುರು.
ಆಸಿಡ್ ಹಾಕ್ತೀನಿ ಅಂದ ಗಂಡ. ಬೇಡ ಅಂದೆ,
ಅವರೆ ಚಪ್ಪರ ಈ ಕಡೆ ಸರಿಯಲಿ.
ಸುತ್ತ ನಾಲ್ಕು ಕಲ್ಲಿಟ್ಟು ಮಗಳನ್ನು ಕರೆದೆ.
ದೂರ ನಿಲ್ಲು. ಇದರ ಹೆಸರೇನು ಹೇಳು ನೋಡೋಣ.
“ಅಮ್ಮನ ಕೈ ಸುಟ್ಟ ಗಿಡ.”
ಸರಿ, ಅಲ್ಲಿಂದಲೇ ಶುರು ಮಾಡೋಣ, ಕೂತ್ಕೋ.