ಚಪ್ಪಲಿ ಅಲ್ಲೇ ಇದೆ

ಅರ್ಧ ಅಂಕಣದಲ್ಲಿ ಭತ್ತ ಒಣಗುತ್ತಿದೆ, ಉಳಿದರ್ಧದಲ್ಲಿ ಆಟ.
ನಡುವಿನ ಗೆರೆಯೆಂದರೆ
ಪುರಿಂಗಜ್ಜಿಯ ಕೈಯ ಬಿದಿರುಕೋಲು.
ಬುಟ್ಟಿಯ ಹಲಗೆಯ ಮೇಲೆ ಹೋದ ಚುನಾವಣೆಯಲ್ಲಿ ಸೋತವನ ಹೆಸರು,
ಬಣ್ಣ ಹಾರಿಹೋಗಿ, ಇನ್ನೂ ಮತ ಕೇಳುತ್ತಿದೆ.

ಬಿಕೋಲ್ ಕಡಲಿನ ಈ ದ್ವೀಪದಲ್ಲಿ
ವಾರವಿಡೀ ಟ್ರೈಸಿಕಲ್ ಓಡಿಸುವ ಎಲ್ಯುತೇರ್ಯೊ
ಭಾನುವಾರ ಮಾತ್ರ ಎಲ್ಲರನ್ನೂ ನಿಲ್ಲಿಸುತ್ತಾನೆ.
ಹುಡುಗರಿಗೆ ಅವನ ಪಾಠ:
ಚೆಂಡು ಸಿಕ್ಕಾಗ ಎರಡೂ ಪಾದ ನೆಲದಲ್ಲಿದ್ದರೆ
ನೀನಿನ್ನೂ ಯಾರಿಗೂ ಮಾತು ಕೊಟ್ಟಿಲ್ಲ.
ಒಂದನ್ನೆತ್ತಿದೆಯೋ, ಇನ್ನೊಂದು ಗೂಟ.
ಗಾಳಿಯಲ್ಲಿ ಹಿಡಿದೆಯಾ, ಮೊದಲು ಮಣ್ಣು ಮುಟ್ಟಿದ್ದೇ ಗೂಟ.
ಕಟ್ಟಿದ ಕೋಣದ ಹಾಗೆ ಅದರ ಸುತ್ತ ಎಷ್ಟಾದರೂ ಸುತ್ತು,
ಗೂಟ ಕಿತ್ತುಕೊಂಡು ಮಾತ್ರ ಹೊರಡಬೇಡ.
ಎತ್ತಲೇಬೇಕೆ? ಎತ್ತು.
ಅದು ಮತ್ತೆ ಊರುವ ಮೊದಲು ಚೆಂಡು ನಿನ್ನದಾಗಿರಬಾರದು.

ಮೂವತ್ತೆಂಟು, ಮೂವತ್ತೊಂಬತ್ತು.
ರೊಡೆಲ್, ಹದಿನಾಲ್ಕು ವರ್ಷ, ಅಣ್ಣನ ಚಪ್ಪಲಿ.
ಹಾರಿ ಹಿಡಿದ. ಎಡಗಾಲು ಮೊದಲು ಇಳಿಯಿತು.
ಒಂದು ಸುತ್ತು, ಮೊಣಕೈ ಬೇಲಿ,
ಇನ್ನೊಂದು ಸುತ್ತು, ಬೆವರು,
ಎದುರಿನವರ ಹೊಗೆಸೊಪ್ಪಿನ ಉಸಿರು,
ಸಂದಿಯೊಂದು ಕಂಡಿತು, ನುಗ್ಗಿದ.
ಎಡಪಾದ ಮುಂದೆ ಬಂದು ಊರಿತು. ಬರಿಗಾಲು.
ಪೀಪಿ.

"ಚಪ್ಪಲಿ ಅಲ್ಲೇ ಇದೆ!"
ಜೀಪಿನ ತಾರಸಿ ಮೇಲಿಂದ ಇಡೀ ಓಣಿ ಕೂಗಿತು.
ಕ್ಷೌರದ ಅಂಗಡಿಯ ಅನಿಸೆತೊ ವಕೀಲನಾದ:
ಚಪ್ಪಲಿ ತುಳಿದರೆ ನನ್ನನ್ನೇ ತುಳಿದ ಹಾಗಲ್ಲವೆ?
ಹಾಗಾದರೆ ಅದು ಕಾಲಲ್ಲದೆ ಮತ್ತೇನು?

ಎಲ್ಯುತೇರ್ಯೊ ಕುಕ್ಕರಗಾಲಲ್ಲಿ ಕೂತು ನೋಡಿದ.
ಸವೆದ ಹಿಮ್ಮಡಿ, ಐದು ಬೆರಳಿನ ಐದು ಗುಳಿ,
ಮೂಲೆಯಲ್ಲಿ ಸಿಕ್ಕಿದ ಒಂದು ಭತ್ತದ ಕಾಳು.
ಒಳಗೆ ಬೆರಳಿಟ್ಟ. ಬಿಸಿಯಿತ್ತು.
"ಮನೆ ಇದೆ," ಅಂದ, "ಮನೆಯವನು ಹೋಗಿದ್ದಾನೆ.
ಟ್ರಾವೆಲಿಂಗ್."

ಚೆಂಡು ಆಚೆ ಪಾಲಾಯಿತು.
ರೊಡೆಲ್ ಚಪ್ಪಲಿ ಮೆಟ್ಟಲಿಲ್ಲ, ಇನ್ನೊಂದನ್ನೂ ಒದೆದ.
ಕಾದ ಸಿಮೆಂಟಿನ ಮೇಲೆ ಕುಣಿಯುತ್ತ, ಬೈಯುತ್ತ ಓಡಿದ.

ಕೊನೆಯ ನಿಮಿಷ. ಯಾರದೋ ಕೈತಪ್ಪಿದ ಚೆಂಡಿಗೆ
ಮೈಯನ್ನೇ ಎಸೆದ. ಜಾರಿದ, ಮೊಣಕಾಲು ಸುಲಿಯಿತು,
ಕೆನ್ನೆ ಭತ್ತಕ್ಕೆ ನಾಲ್ಕು ಬೆರಳು ದೂರದಲ್ಲಿ ನಿಂತಿತು.
ಎಲ್ಲರೂ ಎಲ್ಯುತೇರ್ಯೊನ ತುಟಿ ನೋಡಿದರು.
ಪೀಪಿ ಇತ್ತು, ಉಸಿರಿರಲಿಲ್ಲ.

ಬಿದ್ದರೆ ತಪ್ಪಲ್ಲ.
ಹಿಡಿದುಕೊಂಡು ಏಳಲು ಹೋದರೆ ತಪ್ಪು.
ಹುಡುಗನಿಗೆ ಅದು ಗೊತ್ತಿತ್ತು.
ಅದಕ್ಕೇ ಮಲಗೇ ಇದ್ದಾನೆ, ಚೆಂಡನ್ನು ಎದೆಗವಚಿ,
ಇಷ್ಟೊಂದು ಕಾಲುಗಳ ನಡುವೆ
ತನ್ನವರ ಒಂದು ಕೈಗಾಗಿ ಹುಡುಕುತ್ತ.
ಪುರಿಂಗಜ್ಜಿ ಕೋಲನ್ನು ಎತ್ತಿದವಳು
ಎತ್ತಿಕೊಂಡೇ ಇದ್ದಾಳೆ.