ಮೊದಲು ಬಂದದ್ದು

ಆಗ ಜನ ಸೋಪು ಸವರುತ್ತಿದ್ದರು.
ಅಂಚೆಚೀಟಿಯ ಮೈಮೇಲೆ ತೆಳ್ಳಗೆ, ಕಂಡೂ ಕಾಣದ ಹಾಗೆ.
ಕಾಗದ ತಲುಪಿದವರು ಚೀಟಿ ಬಿಡಿಸಿ ಬಚ್ಚಲಲ್ಲಿ ತೊಳೆದರೆ
ನಾವು ಹೊಡೆದ ಮಸಿ ನೊರೆಯ ಜತೆ ಜಾರಿಹೋಗಬೇಕು,
ಚೀಟಿ ಮತ್ತೆ ಕನ್ಯೆಯಾಗಬೇಕು.
ಜವರಪ್ಪನವರು ಅನುಮಾನ ಬಂದದ್ದನ್ನು ಮೂಗಿಗೆ ಹಿಡಿದು
"ಗಂಧದ ಸೋಪು ಕಣವ್ವ. ಉಳ್ಳವರ ಮನೇದು" ಎನ್ನುತ್ತಿದ್ದರು.
ಮಂಡ್ಯದ ದೊಡ್ಡಂಚೆ ಕಚೇರಿಯಲ್ಲಿ
ನಾನು ಕಲಿತ ಮೊದಲ ಪಾಠ ಅದು:
ಕಣ್ಣಲ್ಲ, ಮೂಗು.

ಈಗ ತೊಳೆಯಲು ಏನೂ ಇಲ್ಲ.
ಅಂಚಿಗೆ ಹಲ್ಲಿಲ್ಲ, ಬೆನ್ನಿಗೆ ಅಂಟಿಲ್ಲ, ಎದೆಯ ಮೇಲೆ ನವಿಲಿಲ್ಲ.
ಎಳ್ಳು ಚೆಲ್ಲಿದಂಥ ಒಂದು ಕಪ್ಪುಬಿಳಿ ಚೌಕ.
ಕೂತಲ್ಲೇ ದುಡ್ಡು ಕಟ್ಟಿ, ಕೂತಲ್ಲೇ ಅಚ್ಚು ಹಾಕಿ,
ಲಕೋಟೆಗೆ ಹಚ್ಚಿ ತಂದು ಸುರಿದರೆ ಆಯಿತು.
ಕೆಂಪು ಕಣ್ಣಿನ ಯಂತ್ರ ನೋಡಿ ಒಮ್ಮೆ ಕೂಗುತ್ತದೆ.
ಸರಿ ಅಂತ ಅರ್ಥ.

ಆ ಸೋಮವಾರ ಅದು ಎರಡೆರಡು ಸಲ ಕೂಗಿತು.

ಗುತ್ತಲು ರಸ್ತೆಯ ಚೀಟಿ ಕಂಪನಿಯ ಹರಾಜು ನೋಟೀಸು,
ಮುನ್ನೂರ ಹನ್ನೆರಡು.
ಕೆರಗೋಡಿಗೆ, ಬಸರಾಳಿಗೆ, ದುದ್ದಕ್ಕೆ, ಹಲಗೂರಿಗೆ.
ಊರು ಬೇರೆ, ಹೆಸರು ಬೇರೆ,
ಚೌಕ ಮಾತ್ರ ಒಂದೇ, ಎಳ್ಳಿಗೆ ಎಳ್ಳು.
ಮೊದಲನೆಯದು ದಾಟಿತು.
ಮಿಕ್ಕ ಮುನ್ನೂರ ಹನ್ನೊಂದಕ್ಕೂ ಒಂದೇ ಮಾತು:
ಇದು ಆಗಲೇ ಹೋಗಿದೆ.

ಕರೆಸಿದೆವು. ಮಾಲೀಕ ಬರಲಿಲ್ಲ,
ಯೋಗಾನಂದ ಅಂತ ಹುಡುಗ ಬಂದ, ಚಪ್ಪಲಿ ಹೊರಗೆ ಬಿಟ್ಟು.
"ಒಂದಕ್ಕೆ ಕಟ್ಟಿದೀವಲ್ಲ ಮೇಡಂ,
ಉಳಿದದ್ದು ಜೆರಾಕ್ಸು. ಆಧಾರ್‌ದು ಜೆರಾಕ್ಸ್ ಕೊಟ್ರೆ
ಎಲ್ಲಾ ಕಡೆ ನಡೀತದೆ. ಇದ್ಯಾಕೆ ನಡಿಯಲ್ಲ?"
ನಗು ಬಂತು, ನುಂಗಿದೆ.
"ಹಂಗಾದ್ರೆ ಕಟ್ಟಿದ್ದು ಯಾವುದಕ್ಕೆ, ತೋರ್ಸು."

ಹುಡುಕಿದ. ಅವನ ಜತೆ ನಾನೂ ಹುಡುಕಿದೆ.
ಬೆಳಕಿಗೆ ಹಿಡಿದೆ. ಹಳೇ ಚಾಳಿ, ಮೂಗಿಗೂ.
ಎಲ್ಲಕ್ಕೂ ಅದೇ ಟೋನರಿನ ಸುಟ್ಟ ಕಮಟು.
ಆಗ ಎದೆ ಧಸಕ್ಕೆಂದಿತು:
ದಾಟಿಹೋದದ್ದು ಅಸಲು ಅಂತ ಯಾರು ಹೇಳಿದರು?
ಅದು ಮೊದಲು ಬಂದದ್ದು, ಅಷ್ಟೆ.
ಅಸಲು ಈ ಮೇಜಿನ ಮೇಲೆ ಎಲ್ಲೋ
ಕಳ್ಳರ ಸಾಲಿನಲ್ಲಿ ಕೂತಿರಬಹುದು,
ದುಡ್ಡು ಕೊಟ್ಟೂ ತಲೆ ತಗ್ಗಿಸಿ.

ಬುಧವಾರ ಮೈಸೂರಿನಿಂದ ನುಸ್ರತ್ ಬಂದಳು,
ನನ್ನ ಕಿರಿಮಗಳ ವಯಸ್ಸು, ಹೆಗಲಿಗೆ ಲ್ಯಾಪ್‌ಟಾಪು.
"ಬೆಲೆ ಮಾತ್ರ ಬರೆದರೆ ಹಿಂಗೇ ಆಗೋದು.
ಯಾರಿಗೆ, ಯಾವ ಪಿನ್ನಿಗೆ, ಯಾವತ್ತು, ಎಷ್ಟು ತೂಕ,
ಎಲ್ಲ ಸೇರಿಸಿ ಒಂದೇ ಗಂಟು ಹಾಕ್ಬೇಕು.
ಯಾರು ಬೇಕಾದರೂ ಬಿಚ್ಚಿ ನೋಡಲಿ,
ಹಾಕೋ ಕೈ ಮಾತ್ರ ನಮ್ಮದೊಂದೇ.
ದುದ್ದದ ಚೌಕ ಹಲಗೂರಿನ ಕಾಗದದ ಮೇಲೆ ಕೂತರೆ
ಅದೇ ಬಾಯಿ ಬಿಡತ್ತೆ."

ಅಂದರೆ, ಕದಿಯಬಹುದು.
ಕದ್ದದ್ದು ಹೋಗುವುದು ಮಾತ್ರ ಮತ್ತೆ ಅದೇ ಬಾಗಿಲಿಗೆ.

ಇದೇನು ಹೊಸದು?
ನಮ್ಮಮ್ಮ ಮದುವೆಯಲ್ಲಿ ಬಂದ ಪಾತ್ರೆಗೆಲ್ಲ ಹೆಸರು ಕೊರೆಸಿದ್ದಳು,
ತಾರೀಖು ಸಮೇತ.
ಸಾಂಬಾರು ತುಂಬಿಕೊಂಡು ನೆರೆಮನೆಗೆ ಹೋದ ಡಬರಿ
ವರ್ಷವಾದರೂ ನಾಚಿಕೊಂಡು ಹಿಂದಿರುಗುತ್ತಿತ್ತು.
ನುಸ್ರತ್‌ಗೆ ಹೇಳಿದೆ.
ಅವಳು ಟೈಪು ಮಾಡುವುದನ್ನು ನಿಲ್ಲಿಸಿ
"ನಮ್ಮ ಅಜ್ಜಿ ಮನೇಲೂ" ಎಂದಳು.

ಹರಾಜು ಶನಿವಾರ. ಹೊಸ ಗಂಟಿಗೆ ಕಾಯುವಂತಿಲ್ಲ.
ಮಾಲೀಕನಿಂದ ದಂಡ ಕಟ್ಟಿಸಿಕೊಂಡೆವು,
ಬೀರುವಿನಿಂದ ಹಳೇ ಚೀಟಿ ಹಾಳೆಗಳು ಹೊರಬಂದವು,
ಹಲ್ಲಿರುವ, ಅಂಟಿರುವ, ನವಿಲಿರುವ ಚೀಟಿಗಳು.
ಯೋಗಾನಂದ ಬೆಂಚಿನ ಮೇಲೆ ಕೂತು ಹರಿದ, ನೆಕ್ಕಿದ, ಒತ್ತಿದ.
ನೂರು ದಾಟುವಷ್ಟರಲ್ಲಿ ನಾಲಿಗೆ ಒಣಗಿ ನೀರು ಕೇಳಿದ.

ಚೊಂಬು ಕೊಡುತ್ತಾ ಕೇಳಿದೆ,
"ಸೋಪುಗೀಪು ಹಚ್ಚಿಲ್ಲ ತಾನೇ?"

"ಸೋಪಾ?" ಎಂದ. ತುಟಿಯ ಮೇಲೆ ಗೋಂದು ಮಿನುಗುತ್ತಿತ್ತು.
"ಯಾಕೆ ಮೇಡಂ?"

ಮೊಹರು ಎತ್ತಿಕೊಂಡೆ.