ಒಂಬತ್ತಲ್ಲ, ಅರ್ಕಾವತ್ತು

ಕೋಡಿಬಾಗದಲ್ಲಿ ಬಲೆಯಂಗಡಿಯ ಮೇಲಿನ ಕೋಣೆ.
ಎಂಟೂವರೆಗೆ ನಾನೇ ಶಟರ್ ಎತ್ತುತ್ತೇನೆ.
ಕೆಳಗಿನಿಂದ ನೈಲಾನಿನ ಹೊಸ ವಾಸನೆ,
ಕಿಟಕಿಯಿಂದ ಕಾಳಿಯ ಅಳಿವೆಯ ಹಳೆಯದು.
ಲಾಗಿನ್. ಪಾಸ್‌ವರ್ಡಿನಲ್ಲಿ ಒಂದು ಮೀನಿನ ಹೆಸರಿದೆ,
ಯಾವುದೆಂದು ಹೇಳಲಾರೆ.

'ಹೊಸ ಲೇಖನ ಸೇರಿಸಿ' ಅನ್ನುತ್ತದೆ ಪರದೆ,
ಪಂಕ್ತಿಯಲ್ಲಿ ಬೇಡವೆಂದರೂ ಬಡಿಸುವವರ ಹಾಗೆ.
ಸೇರಿಸುತ್ತೇನೆ.
ಬೈತಖೋಲದಲ್ಲಿ ಐಸಿನ ದರ ಏರಿದ್ದು,
ಸದಾಶಿವಗಡದ ಬಸ್ಸು ಬಾರದೇ ಹೋದದ್ದು,
ಬಾವಿಗೆ ಬಿದ್ದ ಹಂದಿ, ಬಿದ್ದದ್ದು ಎದ್ದು ಬಂದದ್ದು.
ತಲೆಬರಹ ಒಂದು ಡಬ್ಬಿಗೆ, ಒಡಲು ಇನ್ನೊಂದಕ್ಕೆ,
ಚಿತ್ರ ಮೂರನೆಯದಕ್ಕೆ. ಅದರ ಕೆಳಗೊಂದು ಸಣ್ಣ ಕಿಂಡಿ,
ಕಣ್ಣು ಕಾಣದವರಿಗಾಗಿ ಚಿತ್ರದಲ್ಲೇನಿದೆ ಎಂದು ಬರೆಯಲು.
ಖಾಲಿ ಬಿಡು ಮಾರಾಯ್ತಿ, ಅನ್ನುತ್ತಾರೆ ಸಂಪಾದಕ ಮಾಳ್ಸೇಕರರು.
ಬಿಡುವುದಿಲ್ಲ ನಾನು:
'ಹಂದಿ. ಒದ್ದೆಯಾಗಿದೆ. ಸಿಟ್ಟಿನಲ್ಲಿದೆ.'

ಅವರ ಸಂಪಾದಕೀಯ ಇನ್ನೂ ಹಳೇ ಫಾಂಟಿನಲ್ಲೇ ಬರುತ್ತದೆ.
ಯುನಿಕೋಡಿಗೆ ತಿರುಗಿಸಿದರೆ
ಒತ್ತು ಜಾರಿ, ದೀರ್ಘ ಕಳಚಿ, ಕೊಂಬು ಎಲ್ಲೋ ಬಿದ್ದು.
ಬಲೆಯಿಂದ ಏಡಿ ಬಿಡಿಸಿದ ಹಾಗೆ,
ಕಾಲು ಮುರಿಯದಂತೆ, ಒಂದೊಂದೇ ಬಿಡಿಸಬೇಕು.

ಮಂಗಳವಾರ ಶೆವಂತಿ ಬಂದಳು.
ಬುಟ್ಟಿಯನ್ನು ಮೆಟ್ಟಿಲ ಬುಡದಲ್ಲಿಟ್ಟು, ಕೈ ಸೆರಗಿಗೆ ಒರೆಸಿಕೊಂಡು.
"ನನ್ನ ಅಪ್ಪ ಪುರ್ಸು, ಅಳಿವೆಯಲ್ಲಿ ಮುಳುಗುತ್ತಿದ್ದ ಐವರನ್ನು
ಪಾತಿದೋಣಿಗೆ ಎಳೆದು ಹಾಕಿದ್ದ. ನಿಮ್ಮ ಪೇಪರಿನಲ್ಲಿ ಬಂದಿತ್ತು.
ನಾನಾಗ ಏಳನೇ ಇಯತ್ತೆ.
ಆ ಪೇಪರಿನಲ್ಲೇ ಆಯಿ ಯಾರಿಗೋ ಒಣಮೀನು ಕಟ್ಟಿಕೊಟ್ಟಳು.
ಈಗ ನಾದಿನಿ ಅನ್ನುತ್ತಾಳೆ, ಬಂದೇ ಇಲ್ಲ, ಮುದುಕ ಬುರುಡೆ ಬಿಟ್ಟದ್ದು.
ಆಸಾ ಗೋ? ಇದ್ದರೆ ಇದೆ ಅನ್ನು. ಇಲ್ಲವಾದರೆ ಇಲ್ಲ."

ಹಳೆಯ ಸಂಚಿಕೆಗಳನ್ನೆಲ್ಲ ಹಿಂದೊಬ್ಬ ಹುಡುಗ
ಪುಟಕ್ಕೆ ಮೂರು ರೂಪಾಯಿಯಂತೆ ಏರಿಸಿ ಹೋಗಿದ್ದ.
ಹುಡುಕಿದೆ. ಪುರ್ಸು ಖಾರ್ವಿ: ಸೊನ್ನೆ.
ಪುರ್ಸು: ಸೊನ್ನೆ.
ಅಳಿವೆ: ನಾನೂರ ಹನ್ನೊಂದು, ಬಹುಪಾಲು ಮರಳಿನ ತಕರಾರು.
ಶೆವಂತಿ ಪರದೆ ನೋಡುತ್ತಿರಲಿಲ್ಲ,
ಗಿರಾಕಿ ಎಷ್ಟಕ್ಕೆ ಇಳಿದಾನೆಂದು ಅಳೆಯುವ ಕಣ್ಣಲ್ಲಿ
ನನ್ನ ಮುಖ ನೋಡುತ್ತಿದ್ದಳು.

ಆಗ ನೆನಪಾಯಿತು. ಆ ಹುಡುಗನಿಗೆ
ಕೀಲಿಮಣೆಯಲ್ಲಿ ಅರ್ಕಾವತ್ತು ಸಿಗುತ್ತಿರಲಿಲ್ಲ,
ಸಿಗದಾಗ ಒಂಬತ್ತು ಒತ್ತುತ್ತಿದ್ದ.
ನಮ್ಮ ಕಣ್ಣಿಗೆ ಎರಡೂ ಒಂದೇ ಸುರುಳಿ.
ಯಂತ್ರಕ್ಕೆ ಅದು ಲೆಕ್ಕ.
ಟೈಪಿಸಿದೆ: ಪುಸು೯ ಖಾವಿ೯.

ಒಂದು.

ಒಂದೇ ಕಾಲಮ್ಮಿನ ಸುದ್ದಿ. ಚಿತ್ರವಿಲ್ಲ.
ಇಷ್ಟೂ ವರ್ಷ ಪ್ರಕಟವಾಗಿಯೇ ಇತ್ತು,
ಜಗತ್ತಿಗೆಲ್ಲ ಬಾಗಿಲು ತೆರೆದು,
ಹೆಸರಿಗೆ ಮಾತ್ರ ಎರಡು ಒಂಬತ್ತಿನ ಚಿಲಕ ಹಾಕಿಕೊಂಡು.
ಗುಂಡಿ ಒತ್ತಿದರೆ ಮುಗಿಯಿತು ಅಂದುಕೊಂಡಿದ್ದೆ ನಾನು,
ದಿನಕ್ಕೆ ಎಂಟು, ಹತ್ತು, ಹಬ್ಬದಲ್ಲಿ ಹದಿನೈದು.

ಒಂಬತ್ತುಗಳನ್ನು ಅಳಿಸಿ ಅಕ್ಷರ ಕೂರಿಸಿದೆ.
ಓದಿ ಹೇಳಿದೆ.
"ಎಷ್ಟು ಜನ ಅಂತಿದೆ?"
ಮೂವರು.
ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಗ್ಗಿದ ದನಿಯಲ್ಲಿ:
"ಐದು ಮಾಡಲಿಕ್ಕೆ ಬರುತ್ತದಾ?"
ಬರುತ್ತದೆ. ಬೆರಳು ಅಲ್ಲೇ ಇತ್ತು, ಆಣೆ.
ನಾನು ಏನಾದರೂ ಅನ್ನುವ ಮೊದಲು ಅವಳೇ ನಕ್ಕಳು,
"ಬೇಡ, ಇರಲಿ. ನಾದಿನಿಗೆ ಮೂರೇ ಹೆಚ್ಚು."

ಗುಂಡಿಯ ಮೇಲೆ ಈಗ 'ಪ್ರಕಟಿಸು' ಇಲ್ಲ, 'ನವೀಕರಿಸು'.
ಒತ್ತಿದೆ. ಹಳೆಯ ತಾರೀಖು ಅಲುಗಲಿಲ್ಲ.
ಕೆಳಗೆ ಸಣ್ಣಕ್ಕೆ ಬಂತು: ತಿದ್ದಿದ್ದು ಇಂದು, ಹನ್ನೊಂದು ನಲವತ್ತು.

ಚಿತ್ರವಿಲ್ಲದಿದ್ದರೆ ಆ ಕಿಂಡಿ ತೆರೆಯುವುದಿಲ್ಲ.
ಆದರೂ ಕೇಳಿದೆ, ನೋಡಲಿಕ್ಕೆ ಹೇಗಿದ್ದ ನಿನ್ನ ಅಪ್ಪ?
ಮೆಟ್ಟಿಲಿಳಿಯುತ್ತಿದ್ದವಳು ನಿಂತಳು,
ಬುಟ್ಟಿಯ ಮೇಲೆ ಕೂತ ಕಾಗೆಯನ್ನು ಮೊದಲು ಓಡಿಸಿ ಹೇಳಿದಳು:

"ಗಿಡ್ಡ. ಬಲಗೈ ತುಂಬ ಹಗ್ಗದ ಗೆರೆ.
ಈಜಲಿಕ್ಕೆ ಬರುತ್ತಿರಲಿಲ್ಲ ಅವನಿಗೆ."